ನಾಳೆಯ ಮೊಗ್ಗು

ಸೊಸೆ ಆ ವಿಷಯ ಹೇಳಿದ್ದು ಮಲ್ಲಿಗೆ ಕಟ್ಟುತ್ತಿರುವಾಗ. ಬೆಳಿಗ್ಗೆ ಎಂಟು ಗಂಟೆಯಾಗಿತ್ತು. ಮನೆಯ ಚಾವಡಿಯಲ್ಲಿ ನಾವಿಬ್ಬರೇ ಎದುರೆದುರು ಕುಳಿತಿದ್ದೆವು, ನಡುವೆ ಮೊಗ್ಗಿನ ರಾಶಿ. ಒಂಬತ್ತೂವರೆಯೊಳಗೆ ಹೂವು ಕಟ್ಟೆಗೆ ಮುಟ್ಟಬೇಕು. ಕಟ್ಟೆ ಎಂದರೆ ಊರವರೆಲ್ಲ ಕಟ್ಟಿದ ಹೂವನ್ನು ತಂದು ಕೊಡುವ ಅಂಗಡಿ. ಅಲ್ಲಿಂದ ಹೊರಡುವ ವ್ಯಾನು ಯಾರಿಗೂ ಕಾಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಅಳುವುದಿದ್ದರೂ ಜಗಳವಿದ್ದರೂ ಕೈ ನಿಲ್ಲಿಸುವ ಕ್ರಮವಿಲ್ಲ.

"ಮಾಂಯ್," ಎಂದಳು. ನಮ್ಮ ಕೊಂಕಣಿ ಮನೆಗಳಲ್ಲಿ ಸೊಸೆಯಂದಿರು ಅತ್ತೆಯನ್ನು ಕರೆಯುವುದು ಹಾಗೆ. "ನನ್ನ ಎದೆಯಲ್ಲಿ ಒಂದು ಗಂಟು ಉಂಟು."

"ಯಾವಾಗಿನಿಂದ?"

"ಕ್ರಿಸ್ಮಸ್ಸಿಗೆ ತಿಂಡಿ ಮಾಡುವಾಗ ಕೈಗೆ ಸಿಕ್ಕಿತು."

ಆಗ ಈಸ್ಟರಿಗೆ ಮೊದಲಿನ ನಲವತ್ತು ದಿನದ ಉಪವಾಸ, ತಪಸ್ಸು ಕಾಲ, ಶುರುವಾಗಿ ಎರಡು ವಾರ ಕಳೆದಿತ್ತು. "ಇಷ್ಟು ದಿನ ಬಾಯಲ್ಲಿ ಎಂತ ಇಟ್ಟುಕೊಂಡಿದ್ದಿ, ಅವಲಕ್ಕಿಯಾ?"

"ನೋವಿಲ್ಲ ಅಂತ ಸುಮ್ಮನಿದ್ದೆ."

"ಮಗನಿಗೆ ಗೊತ್ತುಂಟಾ?"

"ಇಲ್ಲ. ನೀವೂ ಹೇಳ್ಬೇಡಿ. ಕುವೈಟಿನಲ್ಲಿ ಕೂತು ಅವರು ಎಂತ ಮಾಡ್ಲಿಕ್ಕುಂಟು? ಊಟ ಬಿಡ್ತಾರೆ, ಅಷ್ಟೇ."

ನನಗೆ ಮೊದಲು ಬಂದ ಯೋಚನೆ, ಇವಳಿಗೆ ಏನಾದರೂ ಆದರೆ ಮೊಮ್ಮಗಳನ್ನು ಯಾರು ನೋಡುತ್ತಾರೆ ಎಂಬುದು. ಎರಡನೆಯದು, ಹೂ ಯಾರು ಕಟ್ಟುತ್ತಾರೆ ಎಂಬುದು. ಅವಳ ಬಗ್ಗೆ, ಅವಳಿಗೆ ಎಷ್ಟು ಹೆದರಿಕೆಯಾಗಿರಬಹುದು ಎಂಬುದರ ಬಗ್ಗೆ ಯೋಚನೆ ಬಂದದ್ದು ಮೂರನೆಯದಾಗಿ. ಒಳ್ಳೆಯವಳೆನಿಸಿಕೊಳ್ಳಲು ಸುಳ್ಳು ಬರೆಯಬೇಕೆಂದು ನಾನು ಕುಳಿತಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಗೊತ್ತಿರುವ ಅಕ್ಷರ ಇದೊಂದೇ. ಮನೆಯಲ್ಲಿ ಆಡುವುದು ಕೊಂಕಣಿ, ನೆರೆಯವರೊಡನೆ ತುಳು, ಬರೆಯುವುದಾದರೆ ಕನ್ನಡ.

ನಮ್ಮ ಊರು ಕಾಪುವಿಗೂ ಶಿರ್ವಕ್ಕೂ ನಡುವೆ. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಬಂದ ಮರುದಿನವೇ ನನ್ನ ಅತ್ತೆ ಕೈಗೆ ಬಾಳೆನಾರು ಕೊಟ್ಟಿದ್ದರು. ಅಂದಿನಿಂದ ಮಲ್ಲಿಗೆಯೇ. ಗಂಡ ತೀರಿಕೊಂಡ ಮೂರನೆಯ ದಿನವೂ ಗಿಡಕ್ಕೆ ಹೋಗಿದ್ದೇನೆ, ಮೊಗ್ಗಿಗೆ ಅದೆಲ್ಲ ಗೊತ್ತಾಗುವುದಿಲ್ಲವಲ್ಲ. ಸೊಸೆ ಕಾರ್ಕಳ ತಾಲೂಕಿನ ಬೆಳ್ಮಣ್ ಕಡೆಯವಳು. ಬಂದು ಹನ್ನೊಂದು ವರ್ಷ. ನಮ್ಮಿಬ್ಬರಿಗೆ ಅಂಥ ಪ್ರೀತಿಯೇನಿರಲಿಲ್ಲ. ಅವಳ ಸಾರಿಗೆ ಉಪ್ಪು ಕಡಿಮೆ, ನನ್ನ ನಾಲಿಗೆಗೆ ಜಾಸ್ತಿ. ಆದರೆ ಎದುರೆದುರು ಕುಳಿತು ಹೂ ಕಟ್ಟಿದ್ದರಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ಅಭ್ಯಾಸವಾಗಿತ್ತು.

ಆ ದಿನ ಹೂವನ್ನು ಕಟ್ಟೆಗೆ ಕೊಟ್ಟು ಬಂದವಳೇ, "ನಾಳೆ ಮಣಿಪಾಲಕ್ಕೆ ಹೊರಡು," ಎಂದೆ.

"ಮುಂದಿನ ವಾರ ಹೋಗುವ ಮಾಂಯ್."

"ಮುಂದಿನ ವಾರ ಗಂಟು ನಿನಗೆ ಕಾಗದ ಬರೀತದಾ? ನಾಳೆ."

ಆಸ್ಪತ್ರೆಯಲ್ಲಿ ಒಬ್ಬರು ಸಣ್ಣ ಪ್ರಾಯದ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಸ್ಕ್ಯಾನು ಆಯಿತು. ಆಮೇಲೆ ಗಂಟಿಗೆ ಸೂಜಿ ಹಾಕಿ ಒಂದು ಚೂರು ತೆಗೆದರು. ಸೊಸೆ ತುಟಿ ಕಚ್ಚಿಕೊಂಡು ಹೊರಗೆ ಬಂದಳು. ನಾನು ಡಾಕ್ಟರಮ್ಮನನ್ನು ಬಾಗಿಲಲ್ಲಿ ಹಿಡಿದೆ.

"ನೀವು ನೋಡಿದ್ದೀರಲ್ಲ, ನಿಮಗೆ ಎಂತ ಕಾಣ್ತದೆ?"

"ರಿಪೋರ್ಟ್ ಬರದೆ ನಾನು ಹೇಳುವುದಿಲ್ಲ ಅಜ್ಜಿ."

"ಅಂದಾಜು?"

"ಅಂದಾಜು ಹೇಳಿ ನಿಮ್ಮನ್ನು ಹೆದರಿಸಲಿಕ್ಕೂ ಇಲ್ಲ, ಸಮಾಧಾನ ಮಾಡಲಿಕ್ಕೂ ಇಲ್ಲ. ಮುಂದಿನ ಗುರುವಾರ ಬನ್ನಿ."

ಅವತ್ತು ಬುಧವಾರ. ಎಂಟು ದಿನ.

ನನ್ನ ಅಕ್ಕ ಇದೇ ಕಾಯಿಲೆಯಲ್ಲಿ ಹೋದವಳು. ಅವಳಿಗೆ ಮೂರು ಮಕ್ಕಳಿದ್ದರು. ಮಣ್ಣು ಮಾಡಿದ ತಿಂಗಳೊಳಗೆ ಒಂದೊಂದನ್ನು ಒಂದೊಂದು ಸಂಬಂಧಿಕರು ಬೆಕ್ಕಿನ ಮರಿ ಹಂಚಿಕೊಂಡ ಹಾಗೆ ಕರೆದುಕೊಂಡು ಹೋದರು. ನಡುವಿನವಳನ್ನು ನಾನು ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ. ಆಗ ನನ್ನ ಕಂಕುಳಲ್ಲೇ ಕೂಸಿತ್ತು, ಅತ್ತೆ ಬೇಡ ಎಂದರು, ನಾನೂ ಒತ್ತಾಯಿಸಲಿಲ್ಲ. ಆ ಎಂಟು ದಿನ ನನ್ನ ಕಣ್ಣ ಮುಂದೆ ಇದ್ದದ್ದು ಅದೇ. ನನ್ನ ಮೊಮ್ಮಗಳು ಎರಡನೇ ಕ್ಲಾಸು. ಮುಂದಿನ ಎರಡು ಹಲ್ಲು ಬಿದ್ದಿವೆ. ಅವಳನ್ನು ಯಾರ ಮನೆಗೆ ಕಳಿಸುವುದು ಎಂದು ನಾನು ಸಂಜೆಯ ತೇರ್ಸಿನ, ಅಂದರೆ ಜಪಮಾಲೆಯ ಪ್ರಾರ್ಥನೆಯ, ನಡುವೆಯೇ ಯೋಚಿಸುತ್ತಿದ್ದೆ. ಕೈ ಜಪಮಣಿ ಎಣಿಸುತ್ತಿತ್ತು, ತಲೆ ಮನೆಗಳನ್ನು ಎಣಿಸುತ್ತಿತ್ತು.

ಹರಕೆ ಹೇಳಿಕೊಳ್ಳುವುದರಲ್ಲಿ ನಾನು ಹಿಂದೆ ಬೀಳಲಿಲ್ಲ. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಮಾತೆಗೆ ಹೂವು. ಕಾರ್ಕಳದ ಬಳಿಯ ಇಗರ್ಜಿಗೆ ಮೇಣದಬತ್ತಿ. ಅದೂ ಸಾಲದೆಂದು ಬೇಲಿಯಾಚೆಯ ನೆರೆಯವಳನ್ನು ಕರೆದೆ. ಅವಳು ಕಾಪುವಿನ ಮಾರಿಗುಡಿಗೆ ಮಂಗಳವಾರ ತಪ್ಪಿಸುವವಳಲ್ಲ. ನನ್ನನ್ನು ಕರೆಯುವುದು ಬಾಯಮ್ಮ ಎಂದು, ಕ್ರೈಸ್ತ ಹೆಂಗಸರನ್ನು ಇಲ್ಲಿ ಎಲ್ಲರೂ ಕರೆಯುವ ಹಾಗೆ.

"ಈ ಮಂಗಳವಾರ ನನ್ನದೊಂದು ಚೆಂಡು ಮಲ್ಲಿಗೆ ಕೊಂಡುಹೋಗಿ ಇಡು ಮಾರಾಯ್ತಿ."

"ಯಾಕೆ ಬಾಯಮ್ಮ, ನಿಮ್ಮ ದೇವರು ರಜೆಯಲ್ಲಿದ್ದಾರಾ?"

"ನಮ್ಮವರಿಗೆ ತಪಸ್ಸು ಕಾಲದಲ್ಲಿ ತುಂಬಾ ಕೆಲಸ."

ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ವಿಷಯ ಕೇಳಿದ ಮೇಲೆ, "ಇಡ್ತೇನೆ. ನನ್ನದೂ ಒಂದು ಚೆಂಡು ಸೇರಿಸಿ ಇಡ್ತೇನೆ. ಆದ್ರೆ ಬಾಯಮ್ಮ, ಇಟ್ಟ ಮೇಲೆ ಸುಮ್ಮನಿರ್ಬೇಕು. ನೀವು ಸುಮ್ಮನಿರುವ ಜಾತಿ ಅಲ್ಲ," ಎಂದಳು.

ಅವಳು ಹೇಳಿದ್ದು ಸರಿಯೇ. ಶನಿವಾರ ಕಾರ್ಕಳಕ್ಕೆ ಬಸ್ಸು ಹತ್ತಿದೆ. ಸೊಸೆಗೆ ಹೇಳಿದ್ದು ಮೇಣದಬತ್ತಿ ಹಚ್ಚಿ ಬರುತ್ತೇನೆ ಎಂದು. ಹಚ್ಚಿದ್ದೂ ಹೌದು. ಆಮೇಲೆ ಅಲ್ಲಿಂದ ರಿಕ್ಷಾ ಮಾಡಿ, ಸಿಸ್ಟರುಗಳು ನಡೆಸುವ ಒಂದು ಹಾಸ್ಟೆಲಿಗೆ ಹೋದೆ. ಕನ್ನಡಕ ಹಾಕಿದ, ನನ್ನಷ್ಟೇ ಪ್ರಾಯದ ಒಬ್ಬರು ಸಿಸ್ಟರ್ ಕೂರಿಸಿ ನೀರು ಕೊಟ್ಟರು.

"ಎಷ್ಟನೇ ಕ್ಲಾಸು?"

"ಎರಡು."

"ಅಷ್ಟು ಸಣ್ಣ ಮಗುವನ್ನು ಹಾಸ್ಟೆಲಿಗೆ ಹಾಕ್ಲಿಕ್ಕೆ ಎಂತ ಅವಸರ? ತಾಯಿ ಇಲ್ವಾ?"

"ಇದ್ದಾಳೆ."

"ಹುಷಾರಿಲ್ವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗುರುವಾರ ಗೊತ್ತಾಗ್ತದೆ."

ಸಿಸ್ಟರ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಹಾಗಾದ್ರೆ ಗುರುವಾರ ಆದ ಮೇಲೆ ಬರ್ಬಹುದಿತ್ತು, ಅಲ್ವಾ?"

ನಾನು ಏಳಲಿಲ್ಲ. ಎಬ್ಬಿಸುವುದಕ್ಕಾಗಿಯೇ ಇರಬೇಕು, ಒಂದು ಅರ್ಜಿ ಫಾರಂ ಕೊಟ್ಟರು. ಹಿಂದೆ ಬರುವಾಗ ಬಸ್ಸಿಗೆ ಕಾಯುತ್ತಾ ಅದನ್ನು ಮೊಣಕಾಲ ಮೇಲಿಟ್ಟು ತುಂಬಿಸಿದೆ. ಮಗುವಿನ ಹೆಸರು ಬರೆದೆ. ತಂದೆಯ ಹೆಸರು ಬರೆದೆ. ನೋಡಿಕೊಳ್ಳುವವರು ಎಂಬಲ್ಲಿ ನನ್ನ ಹೆಸರು ಬರೆದೆ. ತಾಯಿಯ ಹೆಸರು ಎಂಬ ಗೆರೆಗೆ ಬಂದಾಗ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಬರೆದರೂ ತಪ್ಪು, ಬಿಟ್ಟರೂ ತಪ್ಪು ಅನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಖಾಲಿ ಬಿಟ್ಟು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಮಗುವಿಗೆ ಕಾರ್ಕಳದಿಂದ ತಂದ ಕಡಲೆ ಮಿಠಾಯಿ ಕೊಡಲೆಂದು ಸೊಸೆ ನನ್ನ ಚೀಲಕ್ಕೆ ಕೈ ಹಾಕಿದಳು. ಮಿಠಾಯಿಯ ಜೊತೆ ಫಾರಮೂ ಬಂತು. ಅವಳು ಪಿಯುಸಿ ಓದಿದವಳು. ನನಗೆ ಅರ್ಧ ಗಂಟೆ ಹಿಡಿದದ್ದನ್ನು ಅವಳು ಒಂದು ನೋಟದಲ್ಲಿ ಓದಿದಳು. ಮಗುವನ್ನು ಹೊರಗೆ ಕಳಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕಾಗದವನ್ನು ನನ್ನ ಎದುರಿಗೆ ಹಿಡಿದಳು.

"ಮಾಂಯ್, ನಾನು ಇನ್ನೂ ಇದ್ದೇನೆ."

ನಾನು ಮೀನು ಕೊಯ್ಯುತ್ತಿದ್ದೆ. ತಲೆ ಎತ್ತಲಿಲ್ಲ. "ಎಲ್ಲದಕ್ಕೂ ಒಂದು ತಯಾರಿ ಬೇಡವಾ?"

"ಇದು ತಯಾರಿ ಅಲ್ಲ. ನೀವು ನನ್ನನ್ನು ಕಳಿಸಿಯೇ ಆಗಿದೆ. ಮೇಣದಬತ್ತಿ ಹಚ್ಚಿದ್ದು ನನಗಾಗಿಯಾ, ನನ್ನ ಮಣ್ಣಿಗಾ?"

"ನಿನಗೆ ಗೊತ್ತಿಲ್ಲ, ನನ್ನ ಅಕ್ಕ..."

"ಗೊತ್ತುಂಟು. ನಿಮ್ಮ ಅಕ್ಕನ ಕತೆ ಈ ಮನೆಯ ಗೋಡೆಗೂ ಗೊತ್ತುಂಟು. ನಾನು ನಿಮ್ಮ ಅಕ್ಕ ಅಲ್ಲ." ಒಂದು ಉಸಿರು ತೆಗೆದುಕೊಂಡಳು. "ದಿನಾ ಮೊಣಕಾಲೂರಿ ನಿನ್ನ ಚಿತ್ತದಂತೆ ಆಗಲಿ ಅಂತ ಹೇಳ್ತೀರಿ. ಹೇಳಿ ಎದ್ದು, ಅವನ ಚಿತ್ತ ಎಂತ ಅಂತ ನೀವೇ ನಿಶ್ಚಯ ಮಾಡಿ ಫಾರಂ ತುಂಬಿಸ್ತೀರಿ."

ಅವಳು ಮಗುವಿನ ಚೀಲದಿಂದ ಪೆನ್ನು ತಂದಳು. ನಿಂತುಕೊಂಡೇ ಫಾರಮನ್ನು ಗೋಡೆಗಿಟ್ಟು, ಖಾಲಿ ಗೆರೆಯಲ್ಲಿ ತನ್ನ ಹೆಸರನ್ನು ದೊಡ್ಡದಾಗಿ ಬರೆದಳು. "ಈಗ ಇಟ್ಟುಕೊಳ್ಳಿ," ಎಂದು ಪುನಃ ನನ್ನ ಚೀಲಕ್ಕೆ ತುರುಕಿದಳು.

ಸೋಮವಾರ, ಮಂಗಳವಾರ ಮಾತಿಲ್ಲ. ಹೂ ಕಟ್ಟುವಾಗ ನಾರು ಬೇಕಾದರೂ ಕೇಳುವುದಿಲ್ಲ, ಕೈ ಚಾಚುವುದು. ಮಗುವಿಗೆ ಆ ಎರಡೂ ದಿನ ನಾವಿಬ್ಬರೂ ಬೇರೆ ಬೇರೆಯಾಗಿ ಊಟ ಹಾಕುತ್ತಿದ್ದೆವು. ಅದಕ್ಕೆ ಹೊಟ್ಟೆ ಉಬ್ಬರಿಸಿತು.

ಬುಧವಾರ ಸಂಜೆ ನಾನು ಗಿಡಗಳ ಹತ್ತಿರ ಹೋದೆ. ಮರುದಿನ ಒಂಬತ್ತಕ್ಕೆ ಮಣಿಪಾಲದಲ್ಲಿರಬೇಕು, ಏಳರ ಬಸ್ಸು ಹಿಡಿಯಬೇಕು, ಬೆಳಿಗ್ಗೆ ಕೊಯ್ದು ಕಟ್ಟಲು ಹೊತ್ತು ಸಾಲುವುದಿಲ್ಲ. ಹೀಗೆಂದು ಲೆಕ್ಕ ಹಾಕಿ ಬುಟ್ಟಿ ತುಂಬ ಕೊಯ್ದು ತಂದು ಚಾವಡಿಯಲ್ಲಿ ಸುರಿದು ಕಟ್ಟಲು ಕುಳಿತೆ. ಅರ್ಧ ಚೆಂಡು ಕಟ್ಟಿರಬಹುದು. ಸೊಸೆ ಒಗೆದ ಬಟ್ಟೆ ತೆಗೆದುಕೊಂಡು ಒಳಗೆ ಬಂದವಳು ಅಲ್ಲಿಯೇ ನಿಂತಳು.

"ಮಾಂಯ್! ಇದು ನಾಳೆಯ ಮೊಗ್ಗು!"

ನೋಡಿದೆ. ಹೌದು. ಹಸಿರು ಬಿಡದ, ಬೆರಳಿಗೆ ಕಲ್ಲಿನ ಹಾಗೆ ಸಿಗುವ ಮೊಗ್ಗು. ಒಂದು ರಾತ್ರಿ ಗಿಡದಲ್ಲಿ ಇದ್ದರೆ ಬೆಳಿಗ್ಗೆ ಬೆಳ್ಳಗಾಗಿ ತುಂಬಿಕೊಂಡಿರುತ್ತದೆ. ಒಂದು ಸಂಜೆ ಮೊದಲು ಕಿತ್ತರೆ ಗಿಡಕ್ಕೂ ಇಲ್ಲ, ಮುಡಿಗೂ ಇಲ್ಲ. ನೀರಲ್ಲಿಟ್ಟರೂ ಅರಳುವುದಿಲ್ಲ. ಕಟ್ಟೆಯವರು ಮುಟ್ಟಿಯೂ ನೋಡುವುದಿಲ್ಲ. ಇದು ನಮ್ಮ ಊರಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಈ ಕಣ್ಣು, ಈ ಕೈ, ಇಷ್ಟು ವರ್ಷ ಮಾಡದ ತಪ್ಪನ್ನು ಬುಟ್ಟಿ ತುಂಬ ಮಾಡಿ ತಂದಿದ್ದವು.

ಸೊಸೆ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿದಳು. "ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹೀಗೇ ಮಾಡಿದ್ದೆ. ನೆನಪುಂಟಾ?"

ಇತ್ತು. ನಾನು ಮೂರು ಮನೆಗೆ ಕೇಳುವ ಹಾಗೆ ಕೂಗಿದ್ದೆ.

"ಬೆಳ್ಮಣಿನವರಿಗೆ ಕಣ್ಣಿಲ್ವಾ ಅಂತ ಕೇಳಿದ್ದಿರಿ," ಎಂದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ನನ್ನ ಸ್ವರದಲ್ಲಿಯೇ, ನನ್ನ ಹಾಗೆಯೇ ಕುತ್ತಿಗೆ ಮುಂದೆ ಮಾಡಿ ಕೂಗಿದಳು: "ಕಾಪುವಿನವರಿಗೆ ಕಣ್ಣಿಲ್ವಾ?"

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಅವಳಿಗೂ ಬಂತು. ಬೇಲಿಯಾಚೆಯಿಂದ ನೆರೆಯವಳು, "ಎಂತ ಬಾಯಮ್ಮ, ರಿಪೋರ್ಟ್ ಬಂತಾ?" ಎಂದು ಕೂಗಿದಳು. "ಇಲ್ಲ, ತಲೆ ಹೋಯ್ತು," ಎಂದೆ. ನಗುತ್ತಾ ನಗುತ್ತಾ ಸೊಸೆ ನೆಲಕ್ಕೆ ಕುಳಿತಳು. ಕುಳಿತವಳು ಹಾಗೆಯೇ ಅಳತೊಡಗಿದಳು. ಎಂಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ತಬ್ಬಿಕೊಳ್ಳುವ ಅಭ್ಯಾಸವಿಲ್ಲ. ಅವಳ ಮಡಿಲಿಗೆ ಬಿದ್ದಿದ್ದ ಮೊಗ್ಗುಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕುತ್ತಾ ಪಕ್ಕದಲ್ಲಿ ಕುಳಿತೆ.

"ನನಗೆ ಹೆದರಿಕೆಯಾಗ್ತದೆ ಮಾಂಯ್."

"ನನಗೂ."

"ನೀವು ಹೆದರುವವರಾ?"

"ಮತ್ತೆ ಕಾರ್ಕಳಕ್ಕೆ ಯಾಕೆ ಓಡಿದೆ ಅಂತ ನೆನೆಸಿದ್ದಿ?"

ಆ ದಿನ ತೇರ್ಸಿಗೆ ಕುಳಿತಾಗ ನಾನು ಹರಕೆಯ ಪಟ್ಟಿಯನ್ನು ತೆಗೆಯಲಿಲ್ಲ. ದೇವರೊಡನೆ ನನ್ನ ಮಾತು ಯಾವಾಗಲೂ ಮೊಟಕು. ಇಷ್ಟೇ ಹೇಳಿದೆ: ನಾಳೆಯದ್ದು ನಿನ್ನ ಹತ್ತಿರವೇ ಇರಲಿ, ನಾನು ಕೀಳುವುದಿಲ್ಲ. ಇವಳ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳುವಷ್ಟು ಬಲ ಕೊಡು. ಬೇರೆ ಏನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ನಾಲಿಗೆಯ ತುದಿಗೆ ಹತ್ತು ಸಲ ಬಂತು, ಹತ್ತು ಸಲ ನುಂಗಿದೆ. ಪಾದ್ರಿಗಳು ಇದಕ್ಕೆ ವಿಶ್ವಾಸ ಎನ್ನುತ್ತಾರೋ ಏನೋ. ನನಗೆ ಅದು ಬಿಕ್ಕಳಿಕೆ ತಡೆದುಕೊಂಡ ಹಾಗೆ ಇತ್ತು.

ಗುರುವಾರ ಮಗುವನ್ನು ನೆರೆಯವಳಲ್ಲಿ ಬಿಟ್ಟು ಹೊರಟೆವು. ಮಣಿಪಾಲದಲ್ಲಿ ಬೆಂಚಿನ ಮೇಲೆ ನಮ್ಮ ಪಕ್ಕ ಬಜಗೋಳಿ ಕಡೆಯ ಒಬ್ಬಳು ಹೆಂಗಸು ಗಂಡನ ಜೊತೆ ಕುಳಿತಿದ್ದಳು. ಹಣೆಗೆ ಪ್ರಸಾದದ ಗಂಧ, ಕೈಗೆ ಹೊಸ ಕಪ್ಪು ದಾರ. "ಯಾರಿಗೆ?" ಎಂದು ಕೇಳಿದಳು. "ಸೊಸೆಗೆ," ಎಂದೆ. "ನನಗೇ," ಎಂದಳು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ನಮಗೆ ಕೊಟ್ಟಳು. ಸೊಸೆ ತಿಂದಳು, ನನಗೆ ಇಳಿಯಲಿಲ್ಲ. ಬೇರೆ ದಿನವಾಗಿದ್ದರೆ ನಾನು ಅವಳ ಹೆಸರು, ಮನೆ, ಮಕ್ಕಳು ಎಲ್ಲ ಕೇಳಿ ಮುಗಿಸುತ್ತಿದ್ದೆ. ಆ ದಿನ ಬಾಯಿ ಮುಚ್ಚಿ ಕುಳಿತೆ. ಸೊಸೆಯ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿತ್ತು. ಇಬ್ಬರೂ ತೆಗೆಯಲಿಲ್ಲ.

ನಮ್ಮನ್ನು ಮೊದಲು ಕರೆದರು. ಡಾಕ್ಟರಮ್ಮ ಕಾಗದ ತಿರುಗಿಸಿ ಓದಿ, "ಇದು ಕ್ಯಾನ್ಸರ್ ಅಲ್ಲ," ಎಂದರು. ಕೆಲವು ಹೆಂಗಸರಿಗೆ ಬರುವ ಸಾದಾ ಗಡ್ಡೆ, ಆರು ತಿಂಗಳಿಗೊಮ್ಮೆ ತೋರಿಸಿ, ದೊಡ್ಡದಾದರೆ ತೆಗೆಯುವ, ಎಂದೆಲ್ಲ ಹೇಳಿದರು. ಸೊಸೆ ತಲೆಯಾಡಿಸುತ್ತಿದ್ದಳು, ಒಂದೂ ಕೇಳಿಸುತ್ತಿರಲಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಗ್ಯಾರಂಟಿಯಾ?" ಎಂದೆ.

"ಗ್ಯಾರಂಟಿ ಅಜ್ಜಿ."

"ಬರೆದು ಕೊಡಿ."

"ಬರೆದೇ ಉಂಟಲ್ಲ, ಇದೇ ರಿಪೋರ್ಟ್."

"ಅದು ಇಂಗ್ಲಿಷು. ನಾನು ಓದುವ ಹಾಗೆ ಬರೀರಿ."

"ಮಾಂಯ್, ಸುಮ್ಮನಿರಿ," ಎಂದು ಸೊಸೆ ನನ್ನ ಸೆರಗು ಎಳೆದಳು. ಡಾಕ್ಟರಮ್ಮ ನಗಲಿಲ್ಲ. ಚೀಟಿಯ ಹಿಂದೆ ನಿಧಾನವಾಗಿ, ಶಾಲೆಯ ಮಕ್ಕಳ ಹಾಗೆ ದುಂಡಗೆ ಬರೆದುಕೊಟ್ಟರು: ಹೆದರುವಂಥದ್ದು ಏನೂ ಇಲ್ಲ. ನಾನು ಅದನ್ನು ಅಲ್ಲಿಯೇ ಎರಡು ಸಲ ಓದಿದೆ.

ಹೊರಗೆ ಬಂದಾಗ ಬಜಗೋಳಿಯವಳನ್ನು ಒಳಗೆ ಕರೆದರು. ನಮ್ಮ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಒಳ್ಳೆಯದಾಯ್ತು," ಎಂದು ಸೊಸೆಯ ಕೈ ಮುಟ್ಟಿ ಹೋದಳು. ನಾವು ಬಿಲ್ಲಿನ ಸಾಲಿನಲ್ಲಿ ನಿಂತಿದ್ದಾಗ ಅವರಿಬ್ಬರೂ ಹೊರಗೆ ಬಂದರು. ಗಂಡ ಗೋಡೆ ಹಿಡಿದು ನಡೆಯುತ್ತಿದ್ದ. ಅವಳು ಅವನ ಚೀಲವನ್ನೂ ತಾನೇ ಹೊತ್ತುಕೊಂಡಿದ್ದಳು.

ನಾನು ಬಾಯಲ್ಲಿ ಹೇಳಲು ಹೊರಟಿದ್ದ ಸ್ತುತಿ ಅಲ್ಲಿಯೇ ನಿಂತಿತು. ಅವಳೂ ಹೂವು ಇಟ್ಟಿರಬೇಕು, ನನಗಿಂತ ಚೆನ್ನಾಗಿ ಬೇಡಿಕೊಂಡಿರಬೇಕು. ನನ್ನ ದೇವರು ನನ್ನ ಮೊರೆ ಕೇಳಿದ, ಅವಳನ್ನು ಬಿಟ್ಟ ಎಂದು ಹೇಳುವಷ್ಟು ಮುಖ ನನಗಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಆಗುವುದೂ ಇಲ್ಲ. ನಮ್ಮ ರಿಪೋರ್ಟು ಬೇರೆ ಥರ ಬಂದಿದ್ದರೆ ನಾನು ಮೊಣಕಾಲೂರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಊರುತ್ತಿದ್ದೆ ಎಂದುಕೊಳ್ಳುತ್ತೇನೆ. ಪಕ್ಕದಲ್ಲಿ ಕುಳಿತುಕೊಳ್ಳಲು ಬಲ ಕೇಳಿದ್ದೆ, ಅದು ಎರಡೂ ಥರಕ್ಕೂ ಬೇಕಾಗಿತ್ತು. ಮನೆಯಲ್ಲಿ ಈಗ ಅವಳ ಹೆಸರಿನಲ್ಲಿಯೂ ಒಂದು ಪ್ರಾರ್ಥನೆ ಹೇಳುತ್ತೇವೆ. ಹೆಸರು ಕೇಳಿರಲಿಲ್ಲ. ಬಾಳೆಹಣ್ಣು ಕೊಟ್ಟವಳು ಎಂದರೆ ದೇವರಿಗೆ ಗೊತ್ತಾಗುತ್ತದೆ.

ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಸೊಸೆ, "ಹಸಿವಾಗ್ತದೆ," ಎಂದಳು. ಹೋಟೆಲಿಗೆ ಹೋದೆವು. ಅವಳು ಮಸಾಲೆ ದೋಸೆ ತಿಂದಳು, ಗೋಳಿಬಜೆ ತಿಂದಳು, ಪುನಃ ಒಂದು ಮಸಾಲೆ ದೋಸೆ ಹೇಳಿದಳು. "ತಪಸ್ಸು ಕಾಲ," ಎಂದು ನೆನಪಿಸಿದೆ. "ಎಂಟು ದಿನ ಉಪವಾಸ ಮಾಡಿ ಆಗಿದೆ," ಎಂದಳು. ಬಾಯಲ್ಲಿ ದೋಸೆ ಇರುವಾಗಲೇ ಕುವೈಟಿಗೆ ಫೋನು ಮಾಡಿ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮಗ ಆ ಕಡೆಯಿಂದ ಕೂಗುವುದು ನನಗೂ ಕೇಳುತ್ತಿತ್ತು. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು.

"ನೀನಾದ್ರೂ ಹೇಳ್ಬಾರ್ದಿತ್ತಾ ಅಮ್ಮಾ?"

"ಹೇಳಿದ್ರೆ ನೀನು ಎಂತ ಮಾಡ್ತಿದ್ದಿ?"

ಆ ಕಡೆಯಿಂದ ಮೂಗು ಸೀಟುವ ಶಬ್ದ ಕೇಳಿಸಿತು. "ಅಳ್ಬೇಡ. ನಿನ್ನ ಹೆಂಡತಿ ಎರಡು ದೋಸೆ ತಿಂದಿದ್ದಾಳೆ," ಎಂದು ಫೋನು ಇಟ್ಟೆ.

ಶಿರ್ವದ ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಕೊಟ್ಟೆ. ಕಟಪಾಡಿ ಬರುವ ಮೊದಲೇ ನಿದ್ದೆ ಹೋದಳು. ಮೊದಲು ತಲೆ ಕಿಟಕಿಗೆ ಬಡಿಯುತ್ತಿತ್ತು, ತಿರುವಿನಲ್ಲಿ ನನ್ನ ಕಡೆಗೆ ವಾಲಿತು. ಬಾಯಿ ತೆರೆದಿತ್ತು. ಎಂಟು ದಿನದ ನಿದ್ದೆಯೆಲ್ಲ ಒಟ್ಟಿಗೆ ಬಂದ ಹಾಗೆ ಭಾರವಾಗಿ ಮಲಗಿದ್ದಳು. ನನ್ನ ಭುಜ ಮರಗಟ್ಟಿತು. ಅಲುಗಾಡಲಿಲ್ಲ.

ನಮ್ಮ ಸ್ಟಾಪಿನಲ್ಲಿ ಕಂಡಕ್ಟರ್ ಸೀಟಿ ಊದಿದ. "ಅಜ್ಜಿ, ನಿಮ್ಮದು ಬಂತು, ಇಳೀರಿ!"

"ಸ್ವರ ತಗ್ಗಿಸು ಮಾರಾಯ. ಮುಂದೆ ಹೋಗುವ."

"ಶಿರ್ವಕ್ಕಾ? ಟಿಕೆಟ್ ಇಲ್ಲಿಗೆ ಮಾತ್ರ."

"ಅಲ್ಲಿಗೂ ಒಂದು ಕೊಡು. ಎರಡು ಕೊಡು. ಅವಳನ್ನು ಎಬ್ಬಿಸ್ಬೇಡ."

ಅವನು ಅವಳ ತೆರೆದ ಬಾಯಿ ನೋಡಿದ, ನನ್ನನ್ನು ನೋಡಿದ, ಟಿಕೆಟ್ ಹರಿದು ಕೊಟ್ಟ. ಬಸ್ಸು ನಮ್ಮ ಮನೆಯ ದಾರಿಯನ್ನು ದಾಟಿ ಮುಂದಕ್ಕೆ ಹೋಯಿತು. ಶಿರ್ವದಿಂದ ಹಿಂದೆ ಬರಲು ಬಸ್ಸು ಯಾವಾಗ ಉಂಟು ಎಂದು ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.